ಮುತ್ತಣ್ಣನ ಎದುರು ಕೂತವನು

ಕಳೆದ ಭಾನುವಾರ ರಾತ್ರಿ ನಮ್ಮ ಮನೆಯ ಮಹಡಿಯ ಮೇಲೆ ಏಳು ಜನ ಸೇರಿ ‘ಕವಲುದಾರಿ’ಯನ್ನು ಮತ್ತೊಮ್ಮೆ ನೋಡಿದೆವು. ಚಿತ್ರ ಹತ್ತೂವರೆಯ ಸುಮಾರಿಗೆ ಮುಗಿಯಿತು. ಅದರ ನಾಯಕ ನಟ ರಿಷಿಯ ಬಗ್ಗೆ ಹುಟ್ಟಿಕೊಂಡ ವಾದ ಮಾತ್ರ ಮಧ್ಯರಾತ್ರಿ ದಾಟಿದರೂ ಮುಗಿಯಲಿಲ್ಲ. ದಾವಣಗೆರೆಯ ನಮ್ಮ ಬೀದಿಯಲ್ಲಿ ಅಷ್ಟು ಹೊತ್ತಿನ ತನಕ ದೀಪ ಉರಿಯುವುದು ಗಣಪತಿ ಕೂರಿಸಿದ ದಿನಗಳಲ್ಲಿ ಮಾತ್ರ. ತಿಂಗಳಿಗೊಮ್ಮೆ ಹೀಗೆ ಸೇರುವ ಪದ್ಧತಿ ಮೂರು ವರ್ಷಗಳಿಂದ ನಡೆದುಬಂದಿದೆ. ಸುಣ್ಣ ಹೊಡೆದ ಗೋಡೆಯೇ ಪರದೆ, ಗೆಳೆಯರೊಬ್ಬರು ತರುವ ಪ್ರೊಜೆಕ್ಟರು, ಒಂದು ದೊಡ್ಡ ಬುಟ್ಟಿಯಲ್ಲಿ ಖಾರ ಮಂಡಕ್ಕಿ ಮತ್ತು ಬಿಸಿ ಮೆಣಸಿನಕಾಯಿ. ಹಿಂದೆಯೂ ಎಷ್ಟೋ ಚಿತ್ರಗಳ ಬಗ್ಗೆ ಭಿನ್ನಾಭಿಪ್ರಾಯ ಬಂದದ್ದುಂಟು, ಆದರೆ ಒಬ್ಬ ನಟ ಅಭಿನಯಿಸಿದ್ದಾನೋ ಇಲ್ಲವೋ ಎಂಬ ಮೂಲ ಪ್ರಶ್ನೆಯ ಮೇಲೆಯೇ ನಾವು ಎರಡು ಪಕ್ಷವಾದದ್ದು ಇದೇ ಮೊದಲು.

ವಾದಕ್ಕೆ ಕಿಡಿ ಹಚ್ಚಿದವರು ನನ್ನ ಸೋದರಮಾವ. ಹತ್ತಿ ಗಿರಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಅವರಿಗೆ ಎಪ್ಪತ್ತೆರಡು ವರ್ಷ. ಕೊನೆಯ ಹೆಸರುಗಳು ಗೋಡೆಯ ಮೇಲೆ ಓಡುತ್ತಿರುವಾಗಲೇ ಅವರು ತೀರ್ಪು ಕೊಟ್ಟುಬಿಟ್ಟರು: “ಪಾತ್ರ ಮಾಡಿದಾತ ಅನಂತನಾಗ್. ಆ ಹುಡುಗ ಏನು ಮಾಡಿದ? ಎದುರಿಗೆ ಕೂತು ನೋಡಿದ, ಅಷ್ಟೆ.”

ಚಿತ್ರವನ್ನು ನೋಡದವರಿಗಾಗಿ ಎರಡು ಮಾತು ಹೇಳಬೇಕು. ಕೊಲೆಗಾರ ಯಾರೆಂಬುದನ್ನು ಮಾತ್ರ ಬರೆಯುವುದಿಲ್ಲ, ಏಕೆಂದರೆ ಒಗಟಿನ ಚಿತ್ರವೊಂದರ ಗಂಟನ್ನು ನೋಡದವರ ಮುಂದೆ ಬಿಚ್ಚುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಹೇಮಂತ್ ಎಂ. ರಾವ್ ನಿರ್ದೇಶಿಸಿದ ‘ಕವಲುದಾರಿ’ 2019ರ ಏಪ್ರಿಲ್‌ನಲ್ಲಿ ತೆರೆಗೆ ಬಂತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿದ ಮೊದಲ ಚಿತ್ರ ಇದು. ಬೆಂಗಳೂರಿನಲ್ಲಿ ಮೆಟ್ರೊಗಾಗಿ ನೆಲ ಅಗೆಯುವಾಗ ತಲೆಬುರುಡೆಗಳು ಸಿಗುತ್ತವೆ. ಅವು ಸುಮಾರು ನಲವತ್ತು ವರ್ಷ ಹಳೆಯವು. ಕ್ರೈಂ ವಿಭಾಗಕ್ಕೆ ಹೋಗಬೇಕೆಂಬ ಹಂಬಲವಿದ್ದೂ ಸಂಚಾರ ಪೊಲೀಸ್ ವಿಭಾಗದಲ್ಲೇ ಉಳಿದುಹೋಗಿರುವ ಶ್ಯಾಮ್ ಎಂಬ ಯುವ ಅಧಿಕಾರಿಗೆ ಆ ಬುರುಡೆಗಳು ಯಾರವೆಂಬ ಪ್ರಶ್ನೆ ಅಂಟಿಕೊಳ್ಳುತ್ತದೆ. ಪ್ರಕರಣ ಅವನದಲ್ಲ, ಅದನ್ನು ನೋಡಿಕೊಳ್ಳಬೇಕಾದವರಿಗೆ ಅದರಲ್ಲಿ ಆಸಕ್ತಿಯಿಲ್ಲ. ಹಿಂದೊಮ್ಮೆ ಅದೇ ಜಾಡಿನಲ್ಲಿ ನಡೆದು ಸೋತ, ಈಗ ಕುಡಿತಕ್ಕೆ ಬಿದ್ದು ಒಂಟಿಯಾಗಿರುವ ನಿವೃತ್ತ ಅಧಿಕಾರಿ ಮುತ್ತಣ್ಣನ ಬಾಗಿಲಿಗೆ ಅವನು ಹೋಗುತ್ತಾನೆ. ಶ್ಯಾಮ್ ಆಗಿ ರಿಷಿ, ಮುತ್ತಣ್ಣನಾಗಿ ಅನಂತನಾಗ್.

ಮಾವನ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅಭಿನಯವೆಂದರೆ ಏನು ಎಂಬುದನ್ನು ಅವರು ಕಲಿತದ್ದು ಈ ಊರಿನ ನಾಟಕದ ಥಿಯೇಟರುಗಳಲ್ಲಿ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿಯ ಜಾತ್ರೆ ಬಂದಾಗ ಕಂಪನಿಗಳು ಬಂದು ತಗಡಿನ ಥಿಯೇಟರು ಕಟ್ಟುತ್ತಿದ್ದವು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯಂತೂ ನಮ್ಮೂರಿನದೇ. ಗಿರಣಿಯ ಪಾಳಿ ಮುಗಿಸಿ, ಮೈಮೇಲಿನ ಹತ್ತಿಯ ಎಳೆಗಳನ್ನು ಕೊಡವಿಕೊಂಡು, ಎರಡನೆಯ ಆಟಕ್ಕೆ ಓಡುತ್ತಿದ್ದ ಕಾಲವನ್ನು ಮಾವ ಈಗಲೂ ನಿನ್ನೆಯದೆಂಬಂತೆ ಹೇಳುತ್ತಾರೆ. ಅಲ್ಲಿ ಮೈಕು ಮೇಲಿನಿಂದ ತೂಗುತ್ತಿತ್ತು, ನಟ ಅದರ ಕೆಳಗೆ ಬಂದು ನಿಂತು ಮಾತು ಎಸೆಯಬೇಕಿತ್ತು, ಹಿಂದಿನ ಸಾಲಿನ ನೆಲದ ಟಿಕೀಟಿನವನಿಗೆ ಅದು ತಲುಪಿ ಅವನು ಚಪ್ಪಾಳೆ ತಟ್ಟಿದರೆ ಆ ರಾತ್ರಿ ಗೆದ್ದಂತೆ. ಅಂಥ ಕಣ್ಣಿನಿಂದ ನೋಡುವವರಿಗೆ, ದೊಡ್ಡ ಮಾತಿಲ್ಲದೆ, ಕೈಯೆತ್ತದೆ, ಅರ್ಧ ಚಿತ್ರದಲ್ಲಿ ಬೇರೆಯವರ ಮಾತಿಗೆ ಕಿವಿಗೊಟ್ಟು ಕೂರುವ ನಾಯಕ ತನ್ನ ಕೆಲಸ ಮಾಡಲಿಲ್ಲವೆಂದು ತೋರುವುದು ಸಹಜ. ಅದು ತಪ್ಪು ಅಭಿರುಚಿಯೂ ಅಲ್ಲ. ದನಿಯನ್ನು ದೇಹದ ತಳದಿಂದ ಎತ್ತಿ ತರುವ ಆ ವಿದ್ಯೆ ಎಷ್ಟು ಕಷ್ಟದ್ದೆಂದು ಒಮ್ಮೆ ಶಾಲೆಯ ನಾಟಕದಲ್ಲಿ ನಿಂತವರಿಗೂ ಗೊತ್ತು.

ಇನ್ನೊಂದು ಕಾರಣವೂ ಇದೆ, ಅದನ್ನು ಮಾವ ವಾದದ ನಡುವೆ ಹೇಳಲಿಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ತೀರಿಕೊಂಡದ್ದು ನಮ್ಮ ಊರಿನ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿಯ ಅಪಘಾತದಲ್ಲಿ. ಸುದ್ದಿ ಕೇಳಿ ಗಿರಣಿಯ ಗೆಳೆಯರೊಡನೆ ಸೈಕಲ್ಲಿನಲ್ಲಿ ಆನಗೋಡಿಗೆ ಹೋದವರಲ್ಲಿ ಮಾವನೂ ಒಬ್ಬರು. ಚಿತ್ರದುರ್ಗಕ್ಕೆ ಹೋಗಿ ಬರುವಾಗ ಬಸ್ಸು ಆನಗೋಡು ದಾಟಿದರೆ ಅವರು ಇಂದಿಗೂ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಕಾರು ಕಳ್ಳರಾಗಿ ನಟಿಸಿದ, ಶಂಕರ್ ಅವರೇ ನಿರ್ದೇಶಿಸಿದ 1980ರ ‘ಮಿಂಚಿನ ಓಟ’ವನ್ನು ಅವರು ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಹಾಗಾಗಿ ಅನಂತನಾಗ್ ಪರದೆಯ ಮೇಲೆ ಬಂದ ಕ್ಷಣದಿಂದ ಮಾವ ಬೇರೆ ಯಾರನ್ನೂ ನೋಡುವುದಿಲ್ಲ. ಉಳಿದ ಅಣ್ಣನ ಮುಖದಲ್ಲಿ ಹೋದ ತಮ್ಮನನ್ನು ಹುಡುಕುವ ಕಣ್ಣಿಗೆ ಪಕ್ಕದಲ್ಲಿ ಕೂತ ಹುಡುಗ ಕಾಣದಿದ್ದರೆ ಅದನ್ನು ದೋಷವೆಂದು ಹೇಗೆ ಕರೆಯಲಿ?

ಎದುರು ಪಕ್ಷದ ಮುಂದಾಳು ನಮ್ಮ ಬೀದಿಯ ಮೊಬೈಲ್ ಅಂಗಡಿಯ ಹುಡುಗ. 2017ರ ‘ಆಪರೇಷನ್ ಅಲಮೇಲಮ್ಮ’ದಲ್ಲಿ ರಿಷಿ ತರಕಾರಿ ಮಾರುವ, ಬ್ರಾಂಡೆಡ್ ಬಟ್ಟೆಯ ಹುಚ್ಚಿನ ಪಾತ್ರ ಮಾಡಿದಾಗಿನಿಂದ ಈ ಹುಡುಗ ಅವರ ಅಭಿಮಾನಿ. “ಯಜಮಾನ್ರೇ, ಅದು ಕ್ಲಾಸ್ ಆಕ್ಟಿಂಗು, ನಿಮ್ಗೆ ಗೊತ್ತಾಗಂಗಿಲ್ಲ ಬಿಡ್ರಿ” ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಲು ಹೊರಟ. ಮಾವ ತಟ್ಟೆ ಕೆಳಗಿಟ್ಟು, “ಗೊತ್ತಾಗಂಗ ಹೇಳಪಾ ಮತ್ತ” ಎಂದರು. ಹುಡುಗನಿಗೆ ಹೇಳಲು ಬರಲಿಲ್ಲ. ಅಭಿಮಾನಿಗಳ ಚರ್ಚೆಯಲ್ಲಿ ನನಗೆ ಬೇಸರ ತರುವುದು ಇದೇ. ನಮಗೆ ಇಷ್ಟವಾದ ನಟನ ಕೈಯಲ್ಲಿ ಏನು ವಿದ್ಯೆಯಿದೆ ಎಂಬುದನ್ನು ಹೇಳುವ ಬದಲು, ಒಪ್ಪದವರಿಗೆ ತಿಳಿವಳಿಕೆ ಸಾಲದೆಂದು ಹೇಳಿಬಿಡುತ್ತೇವೆ. ಹುಡುಗನ ಪರವಾಗಿ ಹೊಸದುರ್ಗದ ಕಡೆಯ ಗೆಳೆಯರೊಬ್ಬರು, ಸಾಣೇಹಳ್ಳಿಯಲ್ಲಿ ತಾವು ನೋಡಿದ ಶಿವಸಂಚಾರ ಎಂಬ ಸಂಚಾರಿ ರಂಗತಂಡದ ನಾಟಕಗಳಲ್ಲಿ ಸುಮ್ಮನೆ ನಿಂತೇ ಸಭೆಯನ್ನು ಹಿಡಿದ ನಟರನ್ನು ನೆನೆಸಿಕೊಂಡರು. ಅದಕ್ಕೂ ಮಾವ ಜಗ್ಗಲಿಲ್ಲ. ಸುಮ್ಮನೆ ನಿಲ್ಲುವುದಕ್ಕೂ ಒಂದು ಕಾರಣ ಬೇಡವೇ ಎಂದರು. ಆ ಪ್ರಶ್ನೆ ಬಹಳ ಸರಿಯಾದದ್ದು, ಮತ್ತು ಅದಕ್ಕೆ ಉತ್ತರ ನನ್ನ ಕೆಲಸದಲ್ಲಿ ಇತ್ತು.

ನಾನು ಹತ್ತೊಂಬತ್ತು ವರ್ಷಗಳಿಂದ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೇನೆ. ಅಪರಾಧದ ಚಿತ್ರ ನೋಡುವಾಗ ಕಾನೂನಿನ ಪುಟ ತೆರೆದಿಟ್ಟುಕೊಳ್ಳುವ ಚಾಳಿ ನನಗಿಲ್ಲ. ಆದರೆ ಈ ಚಿತ್ರದಲ್ಲಿ ನಾಯಕನ ಅಭಿನಯದ ಅಳತೆಯೇ ಒಂದು ಕಲಮಿನಲ್ಲಿ ಅಡಗಿದೆ. ಚಿತ್ರ ಬಂದ ಕಾಲದಲ್ಲಿ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 160ನೇ ಕಲಮಿನ ಪ್ರಕಾರ, ತನಿಖೆ ನಡೆಸುತ್ತಿರುವ ಪೊಲೀಸ್ ಅಧಿಕಾರಿಯು ವಿಷಯ ಗೊತ್ತಿರುವವರನ್ನು ಲಿಖಿತ ಆದೇಶದ ಮೂಲಕ ತನ್ನ ಮುಂದೆ ಬರಹೇಳಬಹುದು. ಇಲ್ಲಿ ಮುಖ್ಯವಾದ ಮಾತು ‘ತನಿಖೆ ನಡೆಸುತ್ತಿರುವ’ ಎಂಬುದು. ಶ್ಯಾಮ್ ಆ ಪ್ರಕರಣದ ತನಿಖಾಧಿಕಾರಿಯಲ್ಲ. ಅವನು ಯಾರಿಗೂ ನೋಟಿಸು ಕಳಿಸುವಂತಿಲ್ಲ, ಯಾರನ್ನೂ ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸುವಂತಿಲ್ಲ, ಮೇಜು ಗುದ್ದಿ ಗದರಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಮೈಮೇಲೆ ಪೊಲೀಸ್ ಬಟ್ಟೆಯಿದ್ದರೂ ಈ ಪ್ರಕರಣದ ಮಟ್ಟಿಗೆ ಅವನು ನಮ್ಮ ನಿಮ್ಮಂತೆ ಹೊರಗಿನವನು. ಹೇಳುವವರು ದೊಡ್ಡ ಮನಸ್ಸು ಮಾಡಿ ಹೇಳಿದರೆ ಮಾತ್ರ ಅವನಿಗೆ ಗೊತ್ತಾಗಬೇಕು. ಅಂಥವನು ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ಯ ಅಗ್ನಿಯ ಹಾಗೆ ಗುಡುಗಿದರೆ ಮುತ್ತಣ್ಣ ಬಾಗಿಲು ಹಾಕಿಕೊಳ್ಳುತ್ತಾನೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಅಗ್ನಿಯ ಗುಡುಗು ಆ ಚಿತ್ರಕ್ಕೆ ಸರಿ. 1996ರಲ್ಲಿ ಅದನ್ನು ನೋಡಿ ನಾನೂ ಸಿಳ್ಳೆ ಹೊಡೆದಿದ್ದೇನೆ. ಶ್ಯಾಮ್‌ಗೆ ಉಳಿದಿರುವುದು ಕಾಯುವುದು, ಕೇಳುವುದು, ಎದುರಿನವರ ಮನಸ್ಸು ಕರಗುವ ತನಕ ಎದ್ದುಹೋಗದೆ ಕೂರುವುದು. ರಿಷಿ ಆಡಿದ್ದು ಇದನ್ನೇ.

ಇದನ್ನು ಹೇಳಿದಾಗ ಗುಂಪಿನಲ್ಲೊಬ್ಬರು, ನಲವತ್ತು ವರ್ಷದ ಹಿಂದಿನ ಕೊಲೆಗೆ ಈಗ ಕೇಸು ನಿಲ್ಲುತ್ತದೆಯೇ, ಅವಧಿ ಮೀರಿಲ್ಲವೇ ಎಂದು ಕೇಳಿದರು. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಅದೇ ಸಂಹಿತೆಯ 468ನೇ ಕಲಮಿನ ಕಾಲಮಿತಿ ಅನ್ವಯಿಸುತ್ತಿರಲಿಲ್ಲ, ಕೊಲೆಯ ಪ್ರಕರಣಕ್ಕೆ ವಾಯಿದೆ ತೀರುವುದೆಂಬುದಿಲ್ಲ ಎಂದೆ. ಬುರುಡೆಗಳಿಗೆ ಹಳತಾಗಲು ಎಷ್ಟು ಕಾಲ ಬೇಕಾದರೂ ಇದೆ, ಕಂಡವರಿಗೆ, ಕೇಳಿದವರಿಗೆ ಇಲ್ಲ. ಆದ್ದರಿಂದ ಬದುಕಿ ಉಳಿದ ಒಬ್ಬೊಬ್ಬರ ನೆನಪೂ ಆ ಚಿತ್ರದಲ್ಲಿ ಅಷ್ಟು ಬೆಲೆಯುಳ್ಳದ್ದು.

ಕಚೇರಿಯಲ್ಲಿ ನಾನು ಕಣ್ಣಾರೆ ಕಂಡ ಒಂದು ಬೆಳಗನ್ನು ಮಾವನಿಗೆ ಹೇಳಿದೆ, ಇಲ್ಲಿಯೂ ಹೇಳುತ್ತೇನೆ. ಹಳ್ಳಿಯ ಒಬ್ಬ ಅಜ್ಜಿ ಪಾಲಿನ ಹೊಲದ ವಿಷಯವಾಗಿ ಎರಡು ಸಲ ಬಂದುಹೋಗಿದ್ದರು. ಎರಡೂ ಸಲ ನಮ್ಮ ವಕೀಲರು ಒಂದರ ಮೇಲೊಂದು ಪ್ರಶ್ನೆ ಕೇಳಿದರು, ಅಜ್ಜಿ “ನಂಗೊಂದೂ ತಿಳೀದು ಸ್ವಾಮಿ, ಹೊಲ ಕೊಡಿಸ್ರಿ” ಎಂಬುದರ ಆಚೆಗೆ ಹೋಗಲಿಲ್ಲ. ಮೂರನೆಯ ಸಲ ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. ಫೈಲನ್ನು ಬದಿಗೆ ಸರಿಸಿ, ಚಹಾ ತರಿಸಿ, ಏನೂ ಕೇಳದೆ ಕೂತರು. ಗೋಡೆಯ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಕಳೆಯಿತು. ಅಜ್ಜಿ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತ ಒರೆಸುತ್ತ, ಸೀರೆಯ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಕಂದಾಯದ ರಸೀದಿಯೊಂದನ್ನು ಮೇಜಿನ ಮೇಲಿಟ್ಟರು. ಗಂಡ ತೀರಿದ ಮಾರನೆಯ ದಿನವೇ ತಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ಯಾರೆಂಬುದನ್ನು ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದರು. ಅಂದು ನಮ್ಮ ವಕೀಲರ ಮುಖ ಹೇಗಿತ್ತೆಂದು ನಾನು ಚೆನ್ನಾಗಿ ಬಲ್ಲೆ. ಅದು ಖಾಲಿ ಮುಖವಲ್ಲ, ಹೇಳುವವರಿಗೆ ಜಾಗ ಬಿಟ್ಟುಕೊಟ್ಟ ಮುಖ. ‘ಕವಲುದಾರಿ’ಯ ಮೊದಲಾರ್ಧದಲ್ಲಿ ರಿಷಿಯ ಮುಖ ನೋಡಿದಾಗ ನನಗೆ ಆ ಬೆಳಗು ನೆನಪಾಯಿತು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳುವವರು ಕೋರ್ಟಿನಲ್ಲಿ ಇರಲಿ, ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ನಾಯಕನ ಕಿವಿ ಏಕೆ ತೋರಿಸಬೇಕು ಎಂದರು. ಆಗ ನಾನು ಅವರದೇ ನಟನನ್ನು ಸಾಕ್ಷಿಗೆ ಕರೆದೆ. 1995ರಲ್ಲಿ ಸುನೀಲ್ ಕುಮಾರ್ ದೇಸಾಯಿ ಮಾಡಿದ ‘ಬೆಳದಿಂಗಳ ಬಾಲೆ’ಯಲ್ಲಿ ಅನಂತನಾಗ್ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ಮುಖ ಕಾಣದ ಹೆಣ್ಣೊಬ್ಬಳ ದನಿ ಫೋನಿನಲ್ಲಿ ಬರುತ್ತದೆ, ಆಕೆ ಯಾರೆಂದು ಹುಡುಕುವುದೇ ಕಥೆ. ಎದುರಿಗೆ ಮತ್ತೊಬ್ಬ ನಟಿಯಿಲ್ಲ, ರಿಸೀವರು ಮಾತ್ರ ಇದೆ. ಆ ಚಿತ್ರವನ್ನು ಹೊತ್ತದ್ದು ಅನಂತನಾಗ್ ಅವರ ಕಿವಿಯಲ್ಲವೇ? ದನಿ ಕೇಳುತ್ತಿದ್ದಂತೆ ಅವರ ಕಣ್ಣಿನಲ್ಲಿ ಆಗುವ ಬದಲಾವಣೆಗಾಗಿಯೇ ಅಲ್ಲವೇ ನೀವು ಅದನ್ನು ಮೂರು ಸಲ ನೋಡಿದ್ದು? ಅಲ್ಲಿ ಅನಂತನಾಗ್ ಮಾಡಿದರೆ ಅಭಿನಯ, ಇಲ್ಲಿ ಅದೇ ಅನಂತನಾಗ್ ಎದುರು ಇನ್ನೊಬ್ಬ ಮಾಡಿದರೆ ‘ಕೂತು ನೋಡಿದ’ ಎಂದಾದೀತೇ? ಮೊಬೈಲ್ ಅಂಗಡಿಯ ಹುಡುಗ ಖುಷಿಯಿಂದ ಚಪ್ಪಾಳೆ ತಟ್ಟಿದ. ನನಗೆ ಆ ಚಪ್ಪಾಳೆ ಇಷ್ಟವಾಗಲಿಲ್ಲ, ಏಕೆಂದರೆ ಮಾವ ಸೋಲಬೇಕೆಂದು ನಾನು ಹೇಳಿದ್ದಲ್ಲ.

ಆ ರಾತ್ರಿಯ ಬಹು ಮುಖ್ಯವಾದ ಘಟನೆ ನಡೆದದ್ದು ಇದಾದ ಮೇಲೆ. ಹುಡುಗ ತನ್ನ ವಾದಕ್ಕಾಗಿ ಶ್ಯಾಮ್ ಮತ್ತು ಮುತ್ತಣ್ಣ ಮಾತನಾಡುವ ಒಂದು ಭಾಗವನ್ನು ಮತ್ತೆ ಹಾಕಿದ. ಅಷ್ಟರಲ್ಲಿ ಅತ್ತಿಗೆ ಮೆಟ್ಟಿಲ ಮೇಲೆ ಬಂದು, ಕೂಸು ಈಗಷ್ಟೇ ಮಲಗಿದೆ, ಸದ್ದು ತೆಗೆಯಿರಿ ಎಂದರು. ಸ್ಪೀಕರನ್ನು ಪೂರ್ತಿ ನಿಲ್ಲಿಸಿದೆವು. ಹೀಗೆ ಯಾರೂ ಯೋಚಿಸದೆ, ಮಾತಿಲ್ಲದ ದೃಶ್ಯ ನಮ್ಮ ಗೋಡೆಯ ಮೇಲೆ ನಡೆಯಿತು. ಅನಂತನಾಗ್ ಅವರ ಆ ಒಡೆದ, ಗಂಭೀರವಾದ ದನಿ ಇಲ್ಲದಿದ್ದಾಗ ಕಣ್ಣು ಅವರೊಬ್ಬರಲ್ಲೇ ನಿಲ್ಲಲಿಲ್ಲ. ಅದು ಎದುರಿಗಿದ್ದವನ ಕಡೆಗೂ ತಿರುಗಿತು. ಹಿರಿಯ ಹೇಳುತ್ತಿರುವುದು ನಂಬಿಕೆಯಿಂದಲೋ ಕುಡಿತದಿಂದಲೋ ಎಂದು ಕಿರಿಯ ತೂಗುತ್ತಿದ್ದಾನೆ. ಆ ತೂಗುವಿಕೆ ಹಿರಿಯನಿಗೂ ಗೊತ್ತಾಗುತ್ತಿದೆ, ಗೊತ್ತಾಗಿ ಅವನು ಇನ್ನಷ್ಟು ಹೇಳುತ್ತಾನೆ ಅಥವಾ ತಡೆದುಕೊಳ್ಳುತ್ತಾನೆ. ಒಬ್ಬರ ಮುಖದ ಕೆಲಸಕ್ಕೆ ಇನ್ನೊಬ್ಬರ ಮುಖ ಉತ್ತರ ಕೊಡುತ್ತಿತ್ತು. ಅನಂತನಾಗ್ ಅಷ್ಟು ಚೆನ್ನಾಗಿ ಅಭಿನಯಿಸಲು ಅವರ ಎದುರು ಯಾರಿದ್ದರು ಎಂಬುದನ್ನು ನಾವು ಕೇಳಿಯೇ ಇರಲಿಲ್ಲ. ಮಂಡಕ್ಕಿಯ ಬುಟ್ಟಿಗೆ ಒಬ್ಬರೂ ಕೈ ಹಾಕಲಿಲ್ಲ.

ರಿಷಿಯ ಅಭಿನಯದಲ್ಲಿ ಕೊರತೆಯೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಿಟ್ಟು ಒಡೆದು ಹೊರಬರಬೇಕಾದ ಕಡೆ ದನಿ ಏರುತ್ತದೆ, ಭುಜ ಮತ್ತು ಕತ್ತು ಅದರ ಜೊತೆಗೆ ಏರುವುದಿಲ್ಲ. ಅಲ್ಲಿ ಮಾವನ ನಾಟಕದ ಕಣ್ಣು ಕಂಡದ್ದು ನಿಜ. ಕೊನೆಯ ಭಾಗದಲ್ಲಿ ಕಥೆ ಗಂಟು ಬಿಚ್ಚುವ ಆತುರಕ್ಕೆ ಬಿದ್ದಾಗ ಕೇಳುವವನಿಗೆ ಕೆಲಸವೇ ಕಡಿಮೆಯಾಗುತ್ತದೆ. ಅದರ ಹೊಣೆಯಲ್ಲಿ ಚಿತ್ರಕಥೆಗೂ ಪಾಲಿದೆ.

ಆದರೆ ಬಿಳಿ ಅಂಗಿಯ ಆ ಸಂಚಾರ ಪೊಲೀಸನ ಮೈಕಟ್ಟನ್ನು, ನಿಲುವನ್ನು ಅವರು ಎಲ್ಲಿ ಕಂಡು ಕಲಿತರೋ ಎಂಬ ಬೆರಗು ನನಗೆ ಇನ್ನೂ ಹೋಗಿಲ್ಲ. ಮರುದಿನ ಸೋಮವಾರ ಕೋರ್ಟಿಗೆ ಹೋಗುವಾಗ ಹಳೇ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ನಿಂತು ನೋಡಿದೆ. ಹನ್ನೊಂದು ಗಂಟೆಯ ಬಿಸಿಲಿಗೇ ಕಾನ್‌ಸ್ಟೆಬಲ್ ಅಂಗಿಯ ಕಾಲರಿನೊಳಗೆ ಕರವಸ್ತ್ರ ಸುತ್ತಿಕೊಂಡಿದ್ದರು, ಬಿಳಿಯ ತೋಳಿನ ಮಡಿಕೆಯಲ್ಲಿ ಕೆಂಪು ದೂಳಿನ ಗೆರೆ ಕೂತಿತ್ತು. ಬೈಕಿನವನೊಬ್ಬ ಅವರ ಮುಖ ನೋಡದೆಯೇ ಆಸ್ಪತ್ರೆಯ ದಾರಿ ಕೇಳಿದ, ಅವರು ಹೇಳಿ ಮುಗಿಸುವಷ್ಟರಲ್ಲಿ ಗೇರು ಹಾಕಿ ಹೊರಟುಹೋದ. ಕಾನ್‌ಸ್ಟೆಬಲ್ ಉಳಿದ ಅರ್ಧ ವಾಕ್ಯವನ್ನು ಗಾಳಿಗೆ ಹೇಳಿ ಮುಗಿಸಿ, ಸೀಟಿಯನ್ನು ಮತ್ತೆ ತುಟಿಗಿಟ್ಟುಕೊಂಡರು. ದಿನವಿಡೀ ನೂರಾರು ಜನರ ನಡುವೆ ನಿಂತರೂ ಯಾರ ಕಣ್ಣಿಗೂ ಬೀಳದವನು, ಯಾರೂ ಗಮನಿಸದ ಮೂರು ಬುರುಡೆಗಳನ್ನು ಏಕೆ ಅಷ್ಟು ಹಚ್ಚಿಕೊಳ್ಳುತ್ತಾನೆ ಎಂಬುದು ನನಗೆ ಅಲ್ಲಿ ನಿಂತಾಗ ಹೊಳೆಯಿತು. ಚಿತ್ರದಲ್ಲಿ ಶ್ಯಾಮ್ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ರಿಷಿ ನಿಲ್ಲುವ ರೀತಿಯಲ್ಲಿ ಅದು ಇದೆ.

ಮಧ್ಯರಾತ್ರಿ ಕಳೆದ ಮೇಲೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಟರು. ಮಾವ ತಮ್ಮ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ, ಪಡೆಯಬೇಕೆಂದು ನಾನೂ ಕೇಳಲಿಲ್ಲ. ಗೇಟಿನ ತನಕ ಬಿಡಲು ಹೋದಾಗ ಅವರು, “ಅನಂತನಾಗ್ ದೊಡ್ಡ ನಟ, ಅದರಾಗ ಎರಡು ಮಾತಿಲ್ಲ” ಎಂದು ಮತ್ತೊಮ್ಮೆ ಹೇಳಿದರು. ನಾನು ಹೌದೆಂದೆ. ಗೇಟಿನ ಚಿಲಕ ಹಾಕುತ್ತಿದ್ದಾಗ ನಾಲ್ಕು ಹೆಜ್ಜೆ ಹೋಗಿದ್ದವರು ನಿಂತು, ಮುಂದಿನ ತಿಂಗಳು ‘ಬೆಳದಿಂಗಳ ಬಾಲೆ’ ಹಾಕಲು ಸಾಧ್ಯವೇ ಎಂದು ಕೇಳಿದರು. ಸಾಧ್ಯವೆಂದೆ. “ಸದ್ದು ಇಟ್ಟೇ ಹಾಕು” ಎಂದು ಹೇಳಿ ಟಾರ್ಚು ಹೊತ್ತಿಸಿಕೊಂಡು ನಡೆದರು.